ವಸಂತದಲ್ಲೇ ಕಾದ ಮಡಿ: ಲೆಟ್ಯೂಸ್ ಮತ್ತು ತಂಪು ಹವೆಯ ತರಕಾರಿಗಳ ದೋಷ ನಿವಾರಣೆ

ಲೆಟ್ಯೂಸ್, ಪಾಲಕ್, ಮೂಲಂಗಿ, ಬಟಾಣಿ, ಎಲೆಕೋಸು, ಹೂಕೋಸು, ಬ್ರೊಕೋಲಿ ಇವೆಲ್ಲ ಉಷ್ಣಾಂಶ ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವಾಗ ನೆಮ್ಮದಿಯಾಗಿ ಬೆಳೆಯುವ ಗಿಡಗಳು. ವಸಂತ ತನ್ನ ಕ್ರಮದಲ್ಲಿ ಬಂದರೆ ಒಂದು ಒಳ್ಳೆಯ ಕೊಯ್ಲಿಗೆ ಸಾಲುವಷ್ಟು ತಂಪು ದಿನಗಳು ದಕ್ಕುತ್ತವೆ. ಅದೇ ವಸಂತ ಆರಂಭದಲ್ಲೇ ಬೇಸಿಗೆಯ ಝಳ ಹೊತ್ತು ಬಂದು 30 ಡಿಗ್ರಿ ದಾಟಿತೆಂದರೆ ಮಡಿಯಲ್ಲಿ ಒಂದರ ಹಿಂದೆ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕೂ ‘ಬಿಸಿಲು ಜಾಸ್ತಿಯಾಯಿತು’ ಎಂಬ ಒಂದೇ ಕಾರಣ ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅಷ್ಟು ಹೇಳಿದರೆ ರೋಗವನ್ನು ಗುರುತಿಸಿದಂತಾಗುವುದಿಲ್ಲ. ಬಿಸಿ ಬೀಜವನ್ನು ತಡೆಯುವ ಬಗೆ ಬೇರೆ, ಸುಳಿಯೆಲೆಯನ್ನು ಸುಡುವ ಬಗೆ ಬೇರೆ, ದಂಟನ್ನು ಎಬ್ಬಿಸುವ ಬಗೆ ಬೇರೆ. ಕೆಲವು ದೋಷಗಳಿಗಂತೂ ಈಗಿನ ಬಿಸಿಲು ಕಾರಣವೇ ಅಲ್ಲ, ಒಂದೆರಡು ತಿಂಗಳ ಹಿಂದಿನ ಚಳಿ ಕಾರಣ.

ಈ ಬೆಳೆಗಳಲ್ಲಿ ಇಂದು ಕಣ್ಣಿಗೆ ಬೀಳುವ ದೋಷ ಬಹುಪಾಲು ಇಂದು ಆದದ್ದಲ್ಲ. ಬ್ರೊಕೋಲಿಯ ತಲೆ ವಿಕಾರವಾಗಿದೆಯೆಂದರೆ ಪೆಟ್ಟು ಬಿದ್ದದ್ದು ಆ ತಲೆ ಕಡಲೆಕಾಳಿನಷ್ಟಿದ್ದಾಗ. ಲೆಟ್ಯೂಸ್ ಹೂದಂಡು ಎತ್ತಿದೆಯೆಂದರೆ ಗಿಡ ಆ ತೀರ್ಮಾನಕ್ಕೆ ಬಂದು ಹಲವು ದಿನಗಳೇ ಆಗಿವೆ. ಆದ್ದರಿಂದ ‘ಏನಾಗಿದೆ’ ಎಂದು ಕೇಳಿದ ಮೇಲೆ ‘ಯಾವಾಗ ಆಯಿತು’ ಎಂದೂ ಕೇಳಿಕೊಳ್ಳಬೇಕು. ಬಿತ್ತಿದ, ನಾಟಿ ಮಾಡಿದ, ಮೊದಲ ಝಳ ತಟ್ಟಿದ ತಾರೀಖುಗಳನ್ನು ಬರೆದಿಟ್ಟವರಿಗೆ ಈ ಕೈಪಿಡಿಯ ಅರ್ಧ ಕೆಲಸ ಮುಗಿದಂತೆಯೇ.

ಔಷಧಿಗೆ ಮೊದಲು ಅಳತೆ

ದೋಷ ಪತ್ತೆಗೆ ಮೂರು ಸಾಧನಗಳು ಸಾಕು: ಮಣ್ಣಿಗೆ ಚುಚ್ಚುವ ಉಷ್ಣಮಾಪಕ, ಹರಿತವಾದ ಚಾಕು ಮತ್ತು ತೋರುಬೆರಳು. ಉಷ್ಣಮಾಪಕವನ್ನು ಬೀಜದ ಆಸುಪಾಸಿನಲ್ಲಿ, ಅಂದರೆ ಮೇಲಿನ ಒಂದೆರಡು ಸೆಂಟಿಮೀಟರ್ ಮಣ್ಣಿನಲ್ಲಿ, ಬೆಳಗಿನ ಜಾವ ಒಮ್ಮೆ ಮತ್ತು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಒಮ್ಮೆ ಇಟ್ಟು ನೋಡಬೇಕು. ಹವಾಮಾನ ವರದಿ ಹೇಳುವುದು ನೆರಳಿನಲ್ಲಿರುವ ಗಾಳಿಯ ಬಿಸಿಯನ್ನು. ಬರಿದಾದ, ಒಣಗಿದ, ಕಪ್ಪು ಮಣ್ಣಿನ ಮೇಲ್ಪದರ ಬಿಸಿಲಿನಲ್ಲಿ ಅದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಕಾದಿರುವುದು ಸಾಮಾನ್ಯ. ‘ಗಾಳಿ 27 ಡಿಗ್ರಿ ಇತ್ತು, ಆದರೂ ಬೀಜ ಹುಟ್ಟಲಿಲ್ಲ’ ಎಂಬ ದೂರಿನ ಹಿಂದೆ ಇರುವುದು ಈ ಅಂತರವೇ.

ಚಾಕುವಿನ ಕೆಲಸವೆಂದರೆ ಒಂದು ಗಿಡವನ್ನು ಬಲಿಕೊಡುವುದು. ಸಾಲಿನ ನಡುವಿನಿಂದ ಒಂದು ಲೆಟ್ಯೂಸನ್ನು ಬುಡಸಮೇತ ಕಿತ್ತು, ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ ನೋಡಿದರೆ ಹೊರಗೆ ಕಾಣದ ಎರಡು ಸಂಗತಿಗಳು ತಿಳಿಯುತ್ತವೆ. ಒಳಗಿನ ದಿಂಡು ಎಷ್ಟು ಉದ್ದವಾಗಿದೆ ಎನ್ನುವುದು ಒಂದು, ಸುಳಿಯ ಎಳೆ ಎಲೆಗಳ ಅಂಚು ಕಂದಾಗಿದೆಯೇ ಎನ್ನುವುದು ಇನ್ನೊಂದು. ಒಂದು ಗಿಡ ಹಾಳಾಯಿತೆಂದು ಮರುಗಬೇಕಿಲ್ಲ; ಆ ಒಂದು ಗಿಡ ಉಳಿದ ಸಾಲನ್ನು ಯಾವತ್ತು ಕೊಯ್ಯಬೇಕೆಂದು ಹೇಳಿ ಹೋಗುತ್ತದೆ.

ಬಿತ್ತಿದ ಲೆಟ್ಯೂಸ್ ಹುಟ್ಟದಿದ್ದರೆ

ಮಣ್ಣು 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಲೆಟ್ಯೂಸ್ ಬೀಜ ಎರಡು ಮೂರು ದಿನಗಳಲ್ಲೇ ಬೇರು ಬಿಡುತ್ತದೆ. ಒಂದು ವಾರ ಕಳೆದರೂ ಮಡಿ ಬರಿದಾಗಿದ್ದರೆ ನಾಲ್ಕು ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತ ಹೋಗಬೇಕು: ಬೀಜ ಸತ್ತಿದೆ, ಬೀಜ ಒಣಗಿದೆ, ಬೀಜ ಆಳಕ್ಕೆ ಬಿದ್ದಿದೆ, ಅಥವಾ ಬೀಜ ಬಿಸಿಗೆ ಹೆದರಿ ಬಾಗಿಲು ಹಾಕಿಕೊಂಡಿದೆ. ವಸಂತದ ಝಳದಲ್ಲಿ ಕೊನೆಯದೇ ಹೆಚ್ಚು, ಮತ್ತು ಹೆಚ್ಚಿನವರು ಶಂಕಿಸುವುದು ಮೊದಲನೆಯದನ್ನು.

ನಾನೂ ಒಮ್ಮೆ ಹಾಗೆಯೇ ಮಾಡಿದೆ. ಬಿತ್ತಿ ಐದು ದಿನವಾದರೂ ಒಂದೂ ಮೊಳಕೆ ಕಾಣದಿದ್ದಾಗ ಬೀಜ ಹಳೆಯದೆಂದು ತೀರ್ಮಾನಿಸಿ ಅದೇ ಗೆರೆಯ ಪಕ್ಕದಲ್ಲಿ ಬೇರೆ ಪೊಟ್ಟಣ ಬಿತ್ತಿದೆ. ಅದೂ ಹುಟ್ಟದಿದ್ದಾಗ ಮೂರನೆಯ ಸಲ ಇನ್ನಷ್ಟು ಒತ್ತಾಗಿ ಬಿತ್ತಿದೆ. ಆಮೇಲೆ ಮೋಡ ಕವಿದು ಎರಡು ದಿನ ಮಳೆ ಸುರಿದು ನೆಲ ತಣಿಯಿತು. ನಾಲ್ಕನೆಯ ಬೆಳಿಗ್ಗೆ ನೋಡಿದರೆ ಮೂರು ಬಿತ್ತನೆಯ ಬೀಜಗಳೂ ಒಟ್ಟಿಗೆ ಎದ್ದು ಮಡಿಯ ಮೇಲೆ ಹಸಿರು ಚಾಪೆ ಹಾಸಿದಂತಾಗಿತ್ತು. ಅದನ್ನು ವಿರಳಗೊಳಿಸುತ್ತ ಕೂತ ಎರಡು ಸಂಜೆಗಳಲ್ಲಿ ನನಗೆ ಬೀಜದ ಮೇಲಿನ ಗುಮಾನಿ ಪೂರ್ತಿ ಹೋಯಿತು.

ಹೀಗಾಗಲು ಕಾರಣವಿದೆ. ಲೆಟ್ಯೂಸ್ ಬೀಜದೊಳಗಿನ ಭ್ರೂಣವನ್ನು ಗಟ್ಟಿಯಾದ ತೆಳು ಪದರವೊಂದು ಸುತ್ತಿಕೊಂಡಿರುತ್ತದೆ. ತಂಪಿನಲ್ಲಿ ನೀರು ಹೀರಿದಾಗ ಆ ಪದರ ಸಡಿಲಗೊಂಡು ಬೇರಿಗೆ ದಾರಿ ಬಿಡುತ್ತದೆ. ಮಣ್ಣಿನ ಬಿಸಿ 25ರಿಂದ 30 ಡಿಗ್ರಿಯ ನಡುವೆ, ತಳಿಗೆ ತಕ್ಕಂತೆ, ಒಂದು ಮಿತಿಯನ್ನು ದಾಟಿದರೆ ಅದು ಸಡಿಲಗೊಳ್ಳುವುದೇ ಇಲ್ಲ. ಬಿಸಿ ಕೆಲವೇ ದಿನ ಇದ್ದು ಹೋದರೆ ಬೀಜ ಮತ್ತೆ ಮೊಳೆಯುತ್ತದೆ. ಹಸಿಯಾದ ಬೀಜ ಬಹಳ ದಿನ ಬಿಸಿಯಲ್ಲೇ ಉಳಿದರೆ ಮಾತ್ರ ಗಾಢ ಸುಪ್ತಾವಸ್ಥೆಗೆ ಜಾರಿ, ತಂಪಾದ ಮೇಲೂ ಏಳಲು ಒಪ್ಪುವುದಿಲ್ಲ.

ಪರೀಕ್ಷೆ ಸರಳ. ಒದ್ದೆ ಕಾಗದದ ಮೇಲೆ ಇಪ್ಪತ್ತು ಬೀಜ ಹರಡಿ, ಮನೆಯ ಅತ್ಯಂತ ತಂಪಾದ, ಬೆಳಕಿರುವ ಮೂಲೆಯಲ್ಲಿಡಿ. ಮೂರು ನಾಲ್ಕು ದಿನಗಳಲ್ಲಿ ಹದಿನೈದಕ್ಕಿಂತ ಹೆಚ್ಚು ಬೀಜಗಳು ಬಿಳಿ ಬೇರು ತೋರಿದರೆ ಬೀಜದಲ್ಲಿ ದೋಷವಿಲ್ಲ. ಮಡಿಯಲ್ಲೇ ಗೊತ್ತಾಗಬೇಕೆಂದರೆ ಬಿತ್ತುವಾಗ ಅದೇ ಸಾಲಿನಲ್ಲಿ ಅಲ್ಲಲ್ಲಿ ಮೂಲಂಗಿ ಬೀಜ ಹಾಕಿಡುವುದು ನನಗೆ ಹಿಡಿಸಿದ ಉಪಾಯ. ಮೂಲಂಗಿ 30 ಡಿಗ್ರಿಯ ಮಣ್ಣಿನಲ್ಲೂ ಸಲೀಸಾಗಿ ಹುಟ್ಟುತ್ತದೆ. ಮೂಲಂಗಿ ಎದ್ದು ಲೆಟ್ಯೂಸ್ ಏಳದಿದ್ದರೆ ಅಡ್ಡಿಯಾದದ್ದು ಮಣ್ಣಿನ ಕಾವು. ಎರಡೂ ಏಳದಿದ್ದರೆ ನೀರಿನ ಕೊರತೆ, ಗಟ್ಟಿಯಾದ ಮೇಲ್ಪದರ ಅಥವಾ ಬೀಜ ಹೊತ್ತೊಯ್ಯುವ ಇರುವೆಗಳ ಕಡೆ ನೋಡಬೇಕು.

ನಿವಾರಣೆಯ ಗುಟ್ಟು ಗಡಿಯಾರದಲ್ಲಿದೆ. ಬೀಜ ನೀರು ಹೀರಲು ತೊಡಗಿದ ಮೊದಲ ಕೆಲವು ಗಂಟೆಗಳೇ ಬಿಸಿಗೆ ಅತಿ ಸೂಕ್ಷ್ಮವಾದ ಅವಧಿ. ಬೆಳಿಗ್ಗೆ ಬಿತ್ತಿ ನೀರು ಹನಿಸಿದರೆ ಆ ಅವಧಿ ನಡುಹಗಲಿಗೆ ಬಂದು ಬೀಳುತ್ತದೆ. ಸಂಜೆ ಬಿತ್ತಿ ಆಗಲೇ ತಣ್ಣೀರು ಕೊಟ್ಟರೆ ಅದು ರಾತ್ರಿಯ ತಂಪಿನಲ್ಲಿ ಕಳೆದುಹೋಗುತ್ತದೆ. ಖರ್ಚಿಲ್ಲದ ಈ ಒಂದು ಬದಲಾವಣೆಯಿಂದಲೇ ಎಷ್ಟೋ ಮಡಿಗಳು ಹುಟ್ಟಿಬರುತ್ತವೆ. ರಾತ್ರಿಯೂ ನೆಲ 25 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಬೀಜವನ್ನು ಒದ್ದೆ ಕಾಗದದಲ್ಲಿ ತಂಪಾದ ಜಾಗದಲ್ಲಿಟ್ಟು, ಒಂದೆರಡು ದಿನಗಳಲ್ಲಿ ಬೇರಿನ ಬಿಳಿ ಚುಕ್ಕೆ ಕಂಡ ಕೂಡಲೇ ಚಿಮುಟದಿಂದ ಎತ್ತಿ ಮಡಿಗೆ ಹಾಕಬಹುದು. ಅಥವಾ ಟ್ರೇಯಲ್ಲಿ ನೆರಳಿನಲ್ಲಿ ಸಸಿ ಎಬ್ಬಿಸಿ ನಾಟಿ ಮಾಡಬಹುದು. ಕಾವೇರಿದ ವಸಂತದಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ.

ಆಳದ ಬಗ್ಗೆಯೂ ಒಂದು ಮಾತು. ‘ಕೆಳಗೆ ತಂಪಿರುತ್ತದೆ’ ಎಂದು ಲೆಟ್ಯೂಸನ್ನು ಆಳವಾಗಿ ಬಿತ್ತುವವರಿದ್ದಾರೆ. ಅನೇಕ ತಳಿಗಳ ಬೀಜ ಮೊಳೆಯಲು ಬೆಳಕು ಬೇಕು, ಮತ್ತು ಬಿಸಿ ಹೆಚ್ಚಿದಷ್ಟೂ ಆ ಬೇಡಿಕೆಯೂ ಹೆಚ್ಚುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧಕರು ‘ಗ್ರ್ಯಾಂಡ್ ರ‍್ಯಾಪಿಡ್ಸ್’ ಎಂಬ ಲೆಟ್ಯೂಸ್ ತಳಿಯ ಬೀಜಕ್ಕೆ ಕೆಂಪು ಮತ್ತು ದೂರಗೆಂಪು (ಕೆಂಪಿನ ಅಂಚಿನಾಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ‘ಫಾರ್-ರೆಡ್’) ಬೆಳಕನ್ನು ಒಂದಾದ ಮೇಲೊಂದರಂತೆ ಹಾಯಿಸಿ, ಕೊನೆಗೆ ಕೆಂಪು ಬಿದ್ದರೆ ಬೀಜ ಮೊಳೆಯುವುದನ್ನೂ ದೂರಗೆಂಪು ಬಿದ್ದರೆ ಸುಮ್ಮನಿರುವುದನ್ನೂ ತೋರಿಸಿಕೊಟ್ಟರು. ಎಲೆಗಳ ಮೂಲಕ ಸೋಸಿ ಬರುವ ಬೆಳಕಿನಲ್ಲಿ ದೂರಗೆಂಪಿನ ಪಾಲು ಹೆಚ್ಚು. ಆದ್ದರಿಂದ ಹಸಿರು ಗಿಡಗಳ ದಟ್ಟ ನೆರಳಿನಲ್ಲಿ ಲೆಟ್ಯೂಸ್ ಬಿತ್ತುವುದಕ್ಕಿಂತ ನೆರಳು ಪರದೆಯ ಕೆಳಗೆ ಬಿತ್ತುವುದು ಮೇಲು. ಬೀಜದ ಮೇಲೆ ಐದು ಮಿಲಿಮೀಟರಿಗಿಂತ ಹೆಚ್ಚು ಮಣ್ಣು ಬೇಡ.

ಪಾಲಕ್ ಬೀಜವೂ ಇದೇ ರೀತಿ ಬಿಸಿಗೆ ಮುನಿಯುತ್ತದೆ, ಆದರೆ ಅದಕ್ಕೆ ಇನ್ನೊಂದು ತಕರಾರಿದೆ: ನೀರು ತೀರಾ ಹೆಚ್ಚಾದರೆ ಸಿಪ್ಪೆಯ ಸುತ್ತ ಲೋಳೆ ಕಟ್ಟಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಹುಟ್ಟಲಿಲ್ಲವೆಂದು ಮತ್ತೆ ಮತ್ತೆ ನೀರು ಸುರಿಯುವುದು ಅಲ್ಲಿ ತಿರುಗುಬಾಣವಾಗುತ್ತದೆ. ಕ್ಯಾರೆಟ್‌ನ ಕಥೆ ಬೇರೆ. ಅದು 30 ಡಿಗ್ರಿಯಲ್ಲೂ ಹುಟ್ಟಬಲ್ಲದು. ಆದರೆ ಏಳಲು ಒಂದು ವಾರದಿಂದ ಎರಡು ವಾರ ಬೇಕಾಗುವುದರಿಂದ ನಡುವೆ ಒಂದೇ ಒಂದು ಮಧ್ಯಾಹ್ನ ಮೇಲ್ಮಣ್ಣು ಒಣಗಿದರೂ ಮೊಳಕೆಗಳು ಕಣ್ಣಿಗೆ ಬೀಳುವ ಮುನ್ನವೇ ಸಾಯುತ್ತವೆ. ಅದಕ್ಕೆ ಒದ್ದೆ ಗೋಣಿ ಹೊದಿಸಿ, ಬೆಳಿಗ್ಗೆ ಸಂಜೆ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ತೆಗೆದುಬಿಡಬೇಕು.

ಸಸಿ ಬಿದ್ದರೆ, ಬಾಡಿದರೆ

ಎರಡೆಲೆಯ ಸಸಿ ನೆಲಕ್ಕೆ ಒರಗಿದ್ದರೆ ಬುಡವನ್ನು ನೋಡಬೇಕು. ಬುಡ ನೀರು ತುಂಬಿದಂತೆ ಮೆತ್ತಗಾಗಿ ದಾರದಷ್ಟು ತೆಳುವಾಗಿದ್ದರೆ, ಮತ್ತು ಸಾವು ಒಂದು ಜಾಗದಿಂದ ವೃತ್ತಾಕಾರವಾಗಿ ಹರಡುತ್ತಿದ್ದರೆ, ಅದು ಶಿಲೀಂಧ್ರದಂಥ ಜೀವಿಗಳಿಂದ ಬರುವ ಸಸಿ ಕೊಳೆ ರೋಗ. ನೀರು ಕಡಿಮೆ ಮಾಡಿ, ಗಾಳಿಯಾಡುವಂತೆ ವಿರಳಗೊಳಿಸಬೇಕು. ಮಣ್ಣಿನ ಮಟ್ಟಕ್ಕೆ ಸರಿಯಾಗಿ ಒಣಗಿದ, ಕುಗ್ಗಿದ ಉಂಗುರದಂಥ ಗುರುತಿದ್ದು ಕೆಳಗಿನ ಬೇರು ಬೆಳ್ಳಗೆ ಆರೋಗ್ಯವಾಗಿದ್ದರೆ ಅದು ಕಾದ ಮೇಲ್ಮಣ್ಣು ತೊಗಟೆಯನ್ನು ಸುಟ್ಟ ಗುರುತು. ಔಷಧಿಗೆ ಅಲ್ಲಿ ಕೆಲಸವಿಲ್ಲ, ನೆರಳಿಗೆ ಇದೆ. ಕಾಂಡ ಕತ್ತರಿಯಾಡಿಸಿದಂತೆ ತುಂಡಾಗಿದ್ದರೆ ಬುಡದ ಮಣ್ಣನ್ನು ಕೆದಕಿ ನೋಡಿ. ಸುರುಳಿ ಸುತ್ತಿಕೊಂಡ ಕತ್ತರಿಹುಳು ಅಲ್ಲೇ ಮಲಗಿರುತ್ತದೆ.

ಬೆಳೆದ ಗಿಡ ಮಧ್ಯಾಹ್ನ ಜೋತುಬಿದ್ದು ಸೂರ್ಯ ಇಳಿದ ಮೇಲೆ ಚೇತರಿಸಿಕೊಂಡರೆ ಗಾಬರಿ ಬೇಡ. ಲೆಟ್ಯೂಸ್‌ನ ಬೇರು ಹೆಚ್ಚಾಗಿ ಮೇಲಿನ 30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ, ಎಲೆಯೋ ಅಗಲವಾದದ್ದು. ಉರಿಬಿಸಿಲಿನಲ್ಲಿ ಎಲೆ ಬಿಡುವಷ್ಟು ನೀರನ್ನು ಬೇರು ಒದಗಿಸಲಾಗದೆ ತಾತ್ಕಾಲಿಕವಾಗಿ ಸೋಲುತ್ತದೆ. ಬೆಳಗಿನ ಜಾವಕ್ಕೂ ಬಾಡಿಯೇ ಇದ್ದರೆ ಮಾತ್ರ ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನವರೆಗೆ ಇಳಿಸಬೇಕು. ಒಣಗಿದ್ದರೆ ನೀರು ಕೊಡಿ. ಒದ್ದೆಯಾಗಿದ್ದರೆ ಖಂಡಿತ ಕೊಡಬೇಡಿ, ಏಕೆಂದರೆ ಆಗ ಬೇರು ಕೊಳೆತಿದೆ, ಅಥವಾ ಯಾವುದೋ ಹುಳು ತಿಂದಿದೆ. ಬಾಡಿದ್ದನ್ನು ಕಂಡು ಮತ್ತೆ ನೀರು ಹಾಯಿಸಿದರೆ ಕೊಳೆತ ಬೇರಿಗೆ ಇನ್ನಷ್ಟು ಕೊಳೆ ಹತ್ತುತ್ತದೆ.

ದಂಟೆದ್ದು ಹೂವಿಗೆ ಬಂದರೆ

ಹೆಚ್ಚು ದೂರು ಬರುವ ದೋಷ ಇದು, ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಎಲ್ಲ ಬೆಳೆಗಳೂ ಒಂದೇ ಕಾರಣಕ್ಕೆ ಹೂವಿಗೆ ಬರುವುದಿಲ್ಲ.

ಲೆಟ್ಯೂಸ್‌ಗೆ ಮುಖ್ಯ ಪ್ರೇರಣೆ ಬಿಸಿ; ಉದ್ದವಾಗುತ್ತಿರುವ ಹಗಲು ಅದಕ್ಕೆ ಕೈಜೋಡಿಸುತ್ತದೆ. ಬಿಸಿಯ ದಿನಗಳು ಒಂದರ ಮೇಲೊಂದು ಸೇರುತ್ತ ಹೋದಂತೆ ಗಿಡದೊಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಪ್ರಭಾವ ಏರಿ, ಅಲ್ಲಿಯವರೆಗೆ ಒತ್ತಾಗಿ ಕುಳಿತಿದ್ದ ದಿಂಡು ಉದ್ದವಾಗತೊಡಗುತ್ತದೆ. ಹೊರಗಿನ ಗುರುತುಗಳು ತಡವಾಗಿ ಬರುತ್ತವೆ: ನಡುವಿನ ಎಲೆಗಳು ನೆಟ್ಟಗೆ ಮೇಲೆದ್ದು ಮೊನಚಾಗುವುದು, ಎಲೆಗಳ ನಡುವಿನ ಅಂತರ ಹೆಚ್ಚುವುದು, ಗಿಡದ ಆಕಾರ ಬಟ್ಟಲಿನಿಂದ ಗೋಪುರಕ್ಕೆ ತಿರುಗುವುದು. ಸೀಳಿ ನೋಡಿದರೆ ಇದಕ್ಕೂ ಮೊದಲೇ ತಿಳಿಯುತ್ತದೆ. ದಿಂಡು ಎರಡು ಮೂರು ಸೆಂಟಿಮೀಟರ್ ಇದ್ದು, ಎಲೆಗಳು ಅದರ ಸುತ್ತ ಪುಟಗಳಂತೆ ಒತ್ತಿಕೊಂಡಿದ್ದರೆ ಇನ್ನೂ ಸಮಯವಿದೆ. ಐದಾರು ಸೆಂಟಿಮೀಟರ್ ದಾಟಿ ತುದಿ ಚೂಪಾಗಿದ್ದರೆ ಆ ಸಾಲಿಗೆ ನೆರಳು ಕಟ್ಟಿ ಪ್ರಯೋಜನವಿಲ್ಲ, ನಾಳೆ ಬೆಳಿಗ್ಗೆಯೇ ಕೊಯ್ಯಬೇಕು. ತುದಿ ಚಿವುಟಿದರೆ ನಿಲ್ಲುತ್ತದೆ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ; ಚಿವುಟಿದ ಗಿಡ ಕಂಕುಳಿನಿಂದ ಬೇರೆ ಟಿಸಿಲೊಡೆದು ಹೂವಿಗೇ ಹೋಗುತ್ತದೆ, ಎಲೆಯ ಕಹಿಯಂತೂ ಇಳಿಯುವುದಿಲ್ಲ.

ಪಾಲಕ್‌ಗೆ ಹಗಲಿನ ಉದ್ದವೇ ಯಜಮಾನ. ಹಗಲು ಸುಮಾರು 13–14 ಗಂಟೆ ದಾಟಿದಂತೆ ಅದು ಹೂವಿನ ಕಡೆ ತಿರುಗುತ್ತದೆ. ಬಿಸಿ ಆ ಓಟವನ್ನು ಚುರುಕುಗೊಳಿಸುತ್ತದೆ. ಪಾಲಕ್‌ಗೆ ನೆರಳು ಪರದೆ ಕಟ್ಟಿದವರು ‘ತಂಪಾಗಿಸಿದರೂ ಏಕೆ ಎದ್ದಿತು’ ಎಂದು ಕೇಳುವುದು ಇದರಿಂದಲೇ: ಪರದೆ ಬಿಸಿಲನ್ನು ಸೋಸುತ್ತದೆ, ಹಗಲನ್ನು ಮೊಟಕುಗೊಳಿಸುವುದಿಲ್ಲ. ಈ ಬೆಳೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಗಂಡು ಗಿಡಗಳು ಮೊದಲು ಎದ್ದು ಬೇಗ ಬಡಕಲಾಗುತ್ತವೆ. ಸಾಲಿನಲ್ಲಿ ಅರ್ಧ ಗಿಡಗಳಷ್ಟೇ ಎದ್ದಿದ್ದರೆ ಅದನ್ನು ಮಣ್ಣಿನ ದೋಷವೆಂದು ಎಣಿಸದೆ, ಎದ್ದವನ್ನು ಕಿತ್ತು ಉಳಿದವುಗಳಿಂದ ಇನ್ನೊಂದು ವಾರ ಎಲೆ ಪಡೆಯಬಹುದು. ಪಾಲಕ್ ಎಂಬ ಹೆಸರಿನಲ್ಲೇ ಬೀಟ್‌ರೂಟ್ ಜಾತಿಗೆ ಸೇರಿದ ಇನ್ನೊಂದು ಸೊಪ್ಪೂ ಬೆಳೆಯುತ್ತದೆ. ಅದು ಬಿಸಿಯನ್ನು ಹೆಚ್ಚು ತಾಳುತ್ತದೆ. ಹಾಗಾಗಿ ಯಾವ ಪಾಲಕ್ ಎಂದು ಮೊದಲು ಖಚಿತಪಡಿಸಿಕೊಳ್ಳದೆ ಬೇರೆಯವರ ಅನುಭವವನ್ನು ಅನುಸರಿಸಬಾರದು.

ಎಲೆಕೋಸು, ಈರುಳ್ಳಿ, ಕ್ಯಾರೆಟ್, ಬೀಟ್‌ರೂಟ್ ಎರಡು ವರ್ಷದ ಬಾಳಿನ ಗಿಡಗಳು. ಒಂದು ಚಳಿಗಾಲವನ್ನು ಕಂಡ ಮೇಲೆಯೇ ಅವು ಹೂವಿಗೆ ಬರುವುದು ಸಹಜ ಕ್ರಮ. ಕಾಂಡ ಪೆನ್ಸಿಲಿನಷ್ಟು ದಪ್ಪವಾದ ಎಲೆಕೋಸು ಸಸಿ ಹಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನಿಂತಿದ್ದರೆ, ‘ಚಳಿಗಾಲ ಮುಗಿಯಿತು’ ಎಂದೇ ಲೆಕ್ಕ ಹಾಕಿ, ವಸಂತದ ಬಿಸಿ ಬಂದಾಗ ತಲೆ ಕಟ್ಟುವ ಬದಲು ಹೂದಂಡು ಎತ್ತುತ್ತದೆ. ಬಿಸಿಯಲ್ಲಿ ಎದ್ದಿತೆಂದು ಬಿಸಿಯನ್ನು ದೂರುವುದು ಇಲ್ಲಿ ಶುದ್ಧ ತಪ್ಪು. ದೋಷ ಇರುವುದು ತೀರಾ ಬೇಗ ನಾಟಿ ಮಾಡಿದ್ದರಲ್ಲಿ, ಅಥವಾ ಬಲಿತ ಸಸಿ ನೆಟ್ಟದ್ದರಲ್ಲಿ. ಮುಂದಿನ ವರ್ಷ ಇನ್ನೂ ಬೇಗ ನೆಡುತ್ತೇನೆಂದು ಹೊರಟರೆ ದೋಷ ಇಮ್ಮಡಿಯಾಗುತ್ತದೆ. ತಪ್ಪು ರೋಗನಿದಾನದ ನಷ್ಟ ಒಂದು ವರ್ಷ ತಡವಾಗಿ ಬರುತ್ತದೆ ಎನ್ನುವುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ನನಗೆ ಗೊತ್ತಿಲ್ಲ.

ಕೊತ್ತಂಬರಿಯ ವಿಷಯದಲ್ಲಿ ಹೆಚ್ಚು ಹೇಳುವುದಕ್ಕೇನಿಲ್ಲ. ಅದು ಹೂವಿಗೆ ಓಡುವ ಗಿಡವೇ. ನಾಟಿ ಮಾಡಬೇಡಿ, ನೇರವಾಗಿ ಬಿತ್ತಿ, ಎರಡು ವಾರಕ್ಕೊಮ್ಮೆ ಬಿತ್ತಿ.

ಎಲೆ ಕಹಿಯಾದರೆ

ಲೆಟ್ಯೂಸ್ ಕಾಂಡವನ್ನು ಕೊಯ್ದಾಗ ಒಸರುವ ಬಿಳಿ ಹಾಲಿನಲ್ಲಿ ಲ್ಯಾಕ್ಟುಸಿನ್, ಲ್ಯಾಕ್ಟುಕೊಪಿಕ್ರಿನ್ ಮೊದಲಾದ ಕಹಿ ವಸ್ತುಗಳಿವೆ. ಗಿಡ ಹೂವಿನತ್ತ ಹೊರಟಂತೆ ಆ ಹಾಲು ಹೆಚ್ಚುತ್ತದೆ. ಕೊಯ್ದ ಗಾಯದ ಮೇಲೆ ಒಂದು ನಿಮಿಷದಲ್ಲಿ ಹಾಲು ಹನಿಗಟ್ಟಿ ನಿಂತರೆ ದಂಟು ಹೊರಗೆ ಕಾಣದಿದ್ದರೂ ಗಿಡ ಹೊರಟಿದೆಯೆಂದೇ ತಿಳಿಯಬೇಕು. ದಂಟು ಉದ್ದವಾಗಿಲ್ಲ, ಎಲೆ ಮಾತ್ರ ಕಹಿ ಎಂದಾದರೆ ಕಾರಣ ಹೆಚ್ಚಾಗಿ ನೀರಿನ ಏರುಪೇರು: ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸುವ ಅಭ್ಯಾಸ. ಅಂಥ ಗಿಡಕ್ಕೆ ನಿತ್ಯ ಹದವಾಗಿ ನೀರು, ಮಧ್ಯಾಹ್ನದ ನೆರಳು ಸಿಕ್ಕರೆ ಹೊಸದಾಗಿ ಬರುವ ಎಲೆಗಳು ಸುಧಾರಿಸಬಹುದು. ಆಗಲೇ ಕಹಿಯಾದ ಎಲೆ ಮಾತ್ರ ಮತ್ತೆ ಸಿಹಿಯಾಗುವುದಿಲ್ಲ. ನೀರಿನಲ್ಲಿ ನೆನೆಸಿದರೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಕಹಿ ಇರುವುದು ಎಲೆಯ ಮೇಲಲ್ಲ, ನರಗಳ ಒಳಗೆ. ನಡುನರವನ್ನು ಬಿಡಿಸಿ ತೆಗೆದರೆ ಸ್ವಲ್ಪ ತಗ್ಗುತ್ತದೆ.

ಎಲೆಯಂಚು ಕಂದಾದರೆ

ಅಂಚು ಕಂದಾಗುವ ಮೂರು ದೋಷಗಳನ್ನು ಎಲೆಯ ವಯಸ್ಸಿನಿಂದ ಬೇರ್ಪಡಿಸಬಹುದು.

ಕಂದಾದದ್ದು ಸುಳಿಯ ಎಳೆ ಎಲೆಗಳ ಅಂಚಾಗಿದ್ದರೆ ಅದು ಸುಳಿಯಂಚು ಸುಡುವಿಕೆ, ಕ್ಯಾಲ್ಸಿಯಂ ತಲುಪದಿರುವುದರ ಫಲ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದು ಇದರ ಅರ್ಥವಲ್ಲ. ಕ್ಯಾಲ್ಸಿಯಂ ಗಿಡದಲ್ಲಿ ನೀರಿನ ಹರಿವಿನೊಂದಿಗೆ ಮಾತ್ರ ಸಾಗುತ್ತದೆ, ಹಳೆಯ ಎಲೆಯಿಂದ ಹೊಸ ಎಲೆಗೆ ವರ್ಗವಾಗುವುದಿಲ್ಲ. ಹೊರಗಿನ ಅಗಲ ಎಲೆಗಳು ಬಿಸಿಲಿನಲ್ಲಿ ನೀರನ್ನು ಜೋರಾಗಿ ಎಳೆದುಕೊಳ್ಳುತ್ತವೆ. ಮುಚ್ಚಿದ ಸುಳಿಯೊಳಗಿನ ಎಳೆ ಎಲೆ ಬೆವರುವುದೇ ಇಲ್ಲ, ಆದರೆ ಬಿಸಿಗೆ ಬೇಗ ಬೇಗ ಬೆಳೆಯುತ್ತದೆ. ಬೆಳವಣಿಗೆ ಮುಂದೆ, ಕ್ಯಾಲ್ಸಿಯಂ ಹಿಂದೆ. ಆ ಅಂತರದಲ್ಲಿ ಅಂಚಿನ ಕೋಶಗಳು ಒಡೆದು ಕಂದಾಗುತ್ತವೆ, ಆಮೇಲೆ ಕೊಳೆಯೂ ಸೇರಿಕೊಳ್ಳುತ್ತದೆ. ಕೊಳೆಯನ್ನಷ್ಟೇ ನೋಡಿ ಶಿಲೀಂಧ್ರನಾಶಕ ಸಿಂಪಡಿಸುವುದು ಸಾಮಾನ್ಯ ತಪ್ಪು. ಎಲೆಯ ಮೇಲೆ ಕ್ಯಾಲ್ಸಿಯಂ ಸಿಂಪಡಿಸುವುದೂ ಗಡ್ಡೆ ಕಟ್ಟಿದ ಲೆಟ್ಯೂಸ್‌ನಲ್ಲಿ ಹೆಚ್ಚು ಫಲ ಕೊಡುವುದಿಲ್ಲ, ಏಕೆಂದರೆ ಹನಿ ಬೀಳುವುದು ಹೊರಗೆ, ಬೇಕಾಗಿರುವುದು ಒಳಗೆ. ಮಾಡಬೇಕಾದದ್ದು ಮೂರು: ರಾತ್ರಿ ಬೇರಿನ ಒತ್ತಡ ನೀರನ್ನು ಸುಳಿಯವರೆಗೆ ತಳ್ಳುವಂತೆ ಸಂಜೆಯ ಹೊತ್ತಿಗೂ ಮಣ್ಣಿನಲ್ಲಿ ಹದ ಉಳಿಸಿಕೊಳ್ಳುವುದು, ಸಾರಜನಕ ಗೊಬ್ಬರಕ್ಕೆ ಕಡಿವಾಣ ಹಾಕುವುದು, ಗಡ್ಡೆ ಪೂರ್ತಿ ಬಿಗಿಯಾಗುವ ಮೊದಲೇ ಕೊಯ್ಯುವುದು. ಬಿಸಿ ವಸಂತ ಮರುಕಳಿಸುವ ಜಾಗಗಳಲ್ಲಿ ಬಿಗಿ ಗಡ್ಡೆಯ ತಳಿ ಬಿಟ್ಟು ಬಿಡಿ ಎಲೆಯ ಅಥವಾ ಸಡಿಲ ಗಡ್ಡೆಯ ಬಟಾವಿಯಾ ಮಾದರಿಯ ತಳಿಗೆ ಹೋಗುವುದು ಶಾಶ್ವತ ಪರಿಹಾರ. ನೇರ ಎಲೆಯ (ರೊಮೇನ್) ಮಾದರಿಯೇ ಬೇಕೆನ್ನುವವರಿಗೆ ಇಸ್ರೇಲ್‌ನ ಬಿಸಿಗೆಂದೇ ಅಭಿವೃದ್ಧಿಪಡಿಸಿದ ‘ಜೆರಿಕೊ’ ತಳಿ ಇದೆ.

ಕಂದಾದದ್ದು ಹೊರಗಿನ ಹಳೆಯ ಎಲೆಗಳ ಅಂಚು ಮಾತ್ರವಾಗಿದ್ದು, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಅದು ಉಪ್ಪು ಅಥವಾ ಗೊಬ್ಬರದ ಅತಿರೇಕ. ಒಮ್ಮೆ ಧಾರಾಳವಾಗಿ ಸಿಹಿನೀರು ಹಾಯಿಸಿ ಕೆಳಕ್ಕೆ ತೊಳೆಯಬೇಕು. ಬಿಸಿಲಿಗೆ ಮುಖ ಮಾಡಿದ ಮೈ ಮಾತ್ರ ಬಿಳಿಚಿ ಕಾಗದದಂತಾಗಿದ್ದರೆ ಅದು ಬಿಸಿಲಿನ ಸುಡುಗಾಯ. ನೆರಳಿನಲ್ಲಿದ್ದ ಸಸಿಯನ್ನು ಒಂದೇ ದಿನದಲ್ಲಿ ಬಯಲಿಗೆ ತಂದಾಗ ಆಗುವಂಥದ್ದು. ಮಧ್ಯಾಹ್ನ ಎಲೆಯ ಮೇಲೆ ಬಿದ್ದ ನೀರಹನಿ ಭೂತಗನ್ನಡಿಯಂತೆ ಎಲೆಯನ್ನು ಸುಡುತ್ತದೆ ಎಂಬ ನಂಬಿಕೆಗೆ ಲೆಟ್ಯೂಸ್‌ನಂಥ ನುಣುಪು ಎಲೆಗಳಲ್ಲಿ ಆಧಾರವಿಲ್ಲ.

ಕೋಸು, ಬಟಾಣಿ, ಮೂಲಂಗಿ

ಬ್ರೊಕೋಲಿಯ ತಲೆಯಲ್ಲಿ ಮೊಗ್ಗುಗಳು ಏರುಪೇರಾಗಿದ್ದು ನಡುವೆ ಚಿಕ್ಕ ಎಲೆಗಳು ಇಣುಕುತ್ತಿದ್ದರೆ, ತಲೆ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದಾಗ ಕೆಲವು ದಿನ ಝಳ ಬಡಿದಿದೆ. ಆಗ ಅದು ಎಲೆಗಳ ನಡುವೆ ಅಡಗಿರುವುದರಿಂದ ಯಾರೂ ಗಮನಿಸುವುದಿಲ್ಲ. ತಲೆ ಈಗ ಸರಿಹೋಗದು, ಕೊಯ್ದು ಬಳಸಿ. ಪಕ್ಕದ ಟಿಸಿಲುಗಳು ತಂಪಿನ ದಿನಗಳಲ್ಲಿ ಬಂದರೆ ಚೆನ್ನಾಗಿರುತ್ತವೆ. ಹೂಕೋಸಿನ ಗಡ್ಡೆಯ ಮೇಲೆ ಅಕ್ಕಿ ಚೆಲ್ಲಿದಂಥ ನವಿರು ಕಾಣಿಸಿದರೂ ಕಾರಣ ಬಿಸಿಯೇ. ಗಡ್ಡೆ ಬರೀ ಹಳದಿಯಾಗಿದ್ದರೆ ಅದು ಬಿಸಿಲು ಬಿದ್ದ ಬಣ್ಣ, ಹೊರ ಎಲೆಗಳನ್ನು ಮೇಲೆತ್ತಿ ಕಟ್ಟಿದ್ದರೆ ತಪ್ಪುತ್ತಿತ್ತು. ಗಡ್ಡೆ ಅಂಗಿಯ ಗುಂಡಿಯಷ್ಟಕ್ಕೇ ನಿಂತಿದ್ದರೆ ದೋಷ ಸಸಿಯ ಕಾಲದ್ದು: ಟ್ರೇಯಲ್ಲಿ ಹೆಚ್ಚು ದಿನ ಉಳಿದು ಬೇರು ಸುತ್ತಿಕೊಂಡ ಸಸಿ, ಇಲ್ಲವೇ ಆರಂಭದ ಸಾರಜನಕದ ಕೊರತೆ.

ಬಟಾಣಿ ಹೂಬಿಟ್ಟು ಕಾಯಿ ಕಟ್ಟದೆ ಉದುರಿಸಿದರೆ ಹೂ ಅರಳಿದ ವಾರದ ಉಷ್ಣಾಂಶ ನೋಡಿ. 30 ಡಿಗ್ರಿಯ ಆಸುಪಾಸಿನಲ್ಲಿ ಅದು ಕೈಚೆಲ್ಲುತ್ತದೆ. ಎಲೆಯ ಮೇಲೆ ಬಿಳಿ ಹಿಟ್ಟು ಕಂಡರೆ ಬೂದಿ ರೋಗ. ಮೂಲಂಗಿ ಬರೀ ಸೊಪ್ಪು ಬಿಟ್ಟು ಗಡ್ಡೆ ಕಟ್ಟದಿದ್ದರೆ ಬಿಸಿಗಿಂತ ಮೊದಲು ಒತ್ತಾದ ಬಿತ್ತನೆ ಮತ್ತು ಹೆಚ್ಚಾದ ಸಾರಜನಕವನ್ನು ಶಂಕಿಸಬೇಕು. ಗಡ್ಡೆ ಕಟ್ಟಿಯೂ ಒಳಗೆ ಬೆಂಡಾಗಿ ಬಾಯಿ ಉರಿಸುವಷ್ಟು ಖಾರವಾಗಿದ್ದರೆ ಅದು ಬಿಸಿ ಮತ್ತು ತಡವಾದ ಕೊಯ್ಲು ಎರಡೂ ಸೇರಿ ಮಾಡಿದ್ದು. ಚಿಕ್ಕ ಮೂಲಂಗಿ 25–30 ದಿನದ ಬೆಳೆ. ಝಳದಲ್ಲಿ ಒಂದು ವಾರ ಕಾದರೆ ಕೆಟ್ಟಿತೆಂದೇ ಲೆಕ್ಕ. ಮೂಲಂಗಿ, ಕೋಸಿನ ಎಳೆ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದಂಥ ನೂರಾರು ತೂತುಗಳಿದ್ದರೆ ಅದು ಜಿಗಿಯುವ ಪುಟ್ಟ ಜೀರುಂಡೆಯ ಕೆಲಸ. ಬಿಸಿ, ಒಣ ಹವೆ ಅದಕ್ಕೆ ಹಬ್ಬ. ಬಿತ್ತಿದ ದಿನವೇ ಸಣ್ಣ ಕಣ್ಣಿನ ಬಲೆ ಹೊದಿಸಿ ಅಂಚನ್ನು ಮಣ್ಣಿನಲ್ಲಿ ಹೂತಿಡುವುದೊಂದೇ ನೆಚ್ಚಬಹುದಾದ ತಡೆ.

ಪರಿಹಾರವೇ ದೋಷವಾದಾಗ

ಶೇಕಡಾ 30ರಿಂದ 50ರಷ್ಟು ನೆರಳು ಕೊಡುವ ಪರದೆ ಈ ಬೆಳೆಗಳಿಗೆ ಸಾಕು. ಅದಕ್ಕಿಂತ ದಟ್ಟವಾದದ್ದನ್ನು ಕಟ್ಟಿದರೆ, ಅಥವಾ ಮೋಡದ ದಿನಗಳಲ್ಲೂ ತೆಗೆಯದೆ ಬಿಟ್ಟರೆ, ಗಿಡ ಬೆಳಕು ಅರಸುತ್ತ ಸೊರಗಿ ಉದ್ದವಾಗುತ್ತದೆ. ಅದನ್ನು ಹೂದಂಡೆಂದು ತಪ್ಪು ತಿಳಿದು ಇನ್ನೊಂದು ಪದರ ನೆರಳು ಹೊದಿಸಿದವರನ್ನು ಕಂಡಿದ್ದೇನೆ. ವ್ಯತ್ಯಾಸ ತಿಳಿಯಲು ಮತ್ತೆ ಚಾಕುವೇ ಬೇಕು: ಬೆಳಕಿನ ಕೊರತೆಯಲ್ಲಿ ದಿಂಡು ತೆಳು, ಎಲೆ ತಿಳಿ ಹಸಿರು, ಹಾಲು ಕಡಿಮೆ, ಹೂದಂಡಿನಲ್ಲಿ ದಿಂಡು ದಪ್ಪ, ಹಾಲು ಧಾರಾಳ. ಪರದೆಯನ್ನು ಗಿಡಕ್ಕೆ ತಾಗಿಸಿ ಹೊದಿಸಿದರೆ ಕೆಳಗೆ ಬಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊಣಕಾಲಿಗಿಂತ ಎತ್ತರಕ್ಕೆ ಕಟ್ಟಿ, ಪಕ್ಕಗಳನ್ನು ತೆರೆದಿಟ್ಟು, ಪಡುವಣದ ಬಿಸಿಲನ್ನು ತಡೆದು ಬೆಳಗಿನ ಬಿಸಿಲನ್ನು ಬಿಡಬೇಕು.

ಹುಲ್ಲಿನ ಹೊದಿಕೆ ಐದರಿಂದ ಎಂಟು ಸೆಂಟಿಮೀಟರ್ ದಪ್ಪವಿದ್ದರೆ ಮಣ್ಣಿನ ಮಧ್ಯಾಹ್ನದ ಬಿಸಿಯನ್ನು ಗಣನೀಯವಾಗಿ ಇಳಿಸುತ್ತದೆ. ಅದೇ ಹೊದಿಕೆ ಗಿಡದ ಬುಡಕ್ಕೆ ತಾಗಿಕೊಂಡಿದ್ದರೆ ಕೆಳ ಎಲೆಗಳು ಕೊಳೆಯುತ್ತವೆ, ಬಸವನಹುಳುಗಳಿಗೆ ಮನೆಯಾಗುತ್ತದೆ. ಎರಡು ಬೆರಳಿನಷ್ಟು ಜಾಗ ಬಿಡಬೇಕು. ವಸಂತದ ಆರಂಭದಲ್ಲಿ ನೆಲ ಬೆಚ್ಚಗಾಗಲೆಂದು ಹಾಸಿದ ಕಪ್ಪು ಪ್ಲಾಸ್ಟಿಕ್ ಝಳ ಬಂದ ಮೇಲೂ ಉಳಿದಿದ್ದರೆ ಬೇರೆ ತನಿಖೆಗೆ ಮೊದಲು ಅದನ್ನು ತೆಗೆಯಿರಿ, ಇಲ್ಲವೇ ಅದರ ಮೇಲೆಯೇ ಹುಲ್ಲು ಮುಚ್ಚಿರಿ.

ಇಷ್ಟಾದರೂ ಒಂದು ಹಂತದಲ್ಲಿ ಬೆಳೆ ಮುಗಿಯುತ್ತದೆ. ರಾತ್ರಿಯ ಉಷ್ಣಾಂಶವೂ 20 ಡಿಗ್ರಿಗಿಂತ ಕೆಳಗಿಳಿಯದೆ ವಾರ ಕಳೆದರೆ ನಾನು ಲೆಟ್ಯೂಸ್ ಸಾಲನ್ನು ಉಳಿಸುವ ಯತ್ನ ಬಿಟ್ಟು, ಬೆಳಗಿನ ತಂಪಿನಲ್ಲಿ ಎಲ್ಲವನ್ನೂ ಕೊಯ್ದು, ಜಾಗವನ್ನು ಬಸಳೆ, ಹರಿವೆಯಂಥ ಬಿಸಿ ತಾಳುವ ಸೊಪ್ಪುಗಳಿಗೆ ಬಿಡುತ್ತೇನೆ. ಮೂರು ನಾಲ್ಕು ಗಿಡಗಳನ್ನು ಮಾತ್ರ ಬೀಜಕ್ಕೆಂದು ನಿಲ್ಲಿಸುವುದುಂಟು. ಇಲ್ಲಿ ಒಂದು ಎಚ್ಚರಿಕೆ ಬೇಕು: ಮೊದಲು ದಂಟೆದ್ದ ಗಿಡವೇ ಮೊದಲು ಬೀಜ ಕಟ್ಟುತ್ತದೆ, ಕೈಗೆ ಸುಲಭವಾಗಿ ಸಿಗುವ ಬೀಜವೂ ಅದರದ್ದೇ. ಲೆಟ್ಯೂಸ್ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡವಾದ್ದರಿಂದ ತಾಯಿಯ ಗುಣ ಹಾಗೆಯೇ ಮುಂದಿನ ಪೀಳಿಗೆಗೆ ಇಳಿಯುತ್ತದೆ. ಅವಸರದ ಗಿಡದ ಬೀಜ ಅವಸರದ ಸಾಲನ್ನೇ ಕೊಡುತ್ತದೆ. ಮೊದಲು ಎದ್ದವುಗಳನ್ನು ಬುಡಸಮೇತ ಕಿತ್ತು, ಎಲ್ಲಕ್ಕಿಂತ ಕೊನೆಯಲ್ಲಿ ದಂಟೆತ್ತಿದ ಗಿಡಕ್ಕೆ ಒಂದು ದಾರ ಕಟ್ಟಿ ಗುರುತಿಟ್ಟು, ಅದರ ತುದಿಯಲ್ಲಿ ಬಿಳಿ ಕುಚ್ಚು ಬಿರಿಯುವವರೆಗೆ ಕಾಯಬೇಕು.